ಆರು ತಿಂಗಳು ಶೆಡ್ಡಲ್ಲೇ ನಿಲ್ಲುವ ಕೇಮನ್‌ಗೆ ಯಾವ ಬ್ಯಾಟರಿ ಹಾಕಲಿ?

ಕಾಳಿದಂಡೆ, ಸದಾಶಿವಗಡ · ಮೇ 29

ಎಲ್ಲರಿಗೂ ನಮಸ್ಕಾರ. ಮನೆ ಸದಾಶಿವಗಡ, ಕೆಲಸ ಹಡಗಿನಲ್ಲಿ. ಆರು ತಿಂಗಳು ನೀರಿನ ಮೇಲೆ, ಮೂರು ತಿಂಗಳು ಮನೆಯಲ್ಲಿ. ಎರಡು ವರ್ಷದ ಹಿಂದೆ ಬಹಳ ದಿನದ ಒಂದು ಆಸೆ ತೀರಿಸಿಕೊಂಡೆ. ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್ ಸ್ಪೋರ್ಟ್ಸ್ ಕಾರು, 987 ಅನ್ನುವ ಮಾದರಿ, 2008ರ ಗಾಡಿ. ನಮ್ಮಮ್ಮ ಅದಕ್ಕೆ ಇಟ್ಟ ಹೆಸರು ಕಪ್ಪೆ.

ಮೊನ್ನೆ ಊರಿಗೆ ಬಂದು ರಿಮೋಟ್ ಒತ್ತಿದೆ. ಉಸಿರಿಲ್ಲ. ಕೀಲಿ ಹಾಕಿ ಬಾಗಿಲು ತೆಗೆದೆ, ಒಳಗೆ ಒಂದು ದೀಪವೂ ಇಲ್ಲ. ಈ ಗಾಡಿಯ ಎಂಜಿನ್ ಸೀಟಿನ ಹಿಂದೆ. ಬ್ಯಾಟರಿ ಇರೋದು ಮುಂದಿನ ಡಿಕ್ಕಿಯಲ್ಲಿ, ಗಾಜಿನ ಬುಡಕ್ಕೆ. ಆ ಡಿಕ್ಕಿಯ ಬೀಗ ಕರೆಂಟಿನದು. ಬ್ಯಾಟರಿ ಸತ್ತರೆ ಡಿಕ್ಕಿ ತೆರೆಯಲ್ಲ, ಡಿಕ್ಕಿ ತೆರೆಯದಿದ್ದರೆ ಬ್ಯಾಟರಿ ಕೈಗೆ ಸಿಗಲ್ಲ. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದ ಹಾಗೆ.

ಪೇಟೆಯಿಂದ ಒಬ್ಬರು ಮೆಕ್ಯಾನಿಕ್ ಬಂದರು. ಸುತ್ತಾ ಒಮ್ಮೆ ನೋಡಿ, "ಸಣ್ಣ ರಾಡ್ ಹಾಕಿ ಎಬ್ಬಿಸೋಣ" ಅಂದರು. ಚಾ ಕುಡಿಸಿ, ಕೈಮುಗಿದು ಕಳಿಸಿದೆ.

ಎರಡು ಪ್ರಶ್ನೆ. ಡಿಕ್ಕಿ ತೆಗೆಯೋದು ಹೇಗೆ? ತೆಗೆದ ಮೇಲೆ ಯಾವ ಬ್ಯಾಟರಿ ಹಾಕಲಿ? ಬ್ರ್ಯಾಂಡ್ ಹೆಸರು ಹೇಳಿದರೆ ನಾಳೆಯೇ ತರುತ್ತೇನೆ. ಮಳೆ ಹಿಡಿಯುವ ಮೊದಲು ಒಮ್ಮೆ ಮಾಜಾಳಿ ತನಕನಾದರೂ ಓಡಿಸಬೇಕು.

ಆಟೋ ಎಲೆಕ್ಟ್ರಿಕ್, ಕುಮಟಾ · ಮೇ 29

ರಾಡ್ ಮುಟ್ಟಬೇಡಿ ಮಾರಾಯ್ರೆ. ಒಂದು ಬ್ಯಾಟರಿ ದುಡ್ಡಿನ ಬದಲು ಬಾನೆಟ್, ಪೇಂಟ್ ಎರಡರ ದುಡ್ಡು ಹೋಗುತ್ತದೆ.

ಕಾಲಿಡುವ ಜಾಗದ ಬದಿಯಲ್ಲಿ ಫ್ಯೂಸ್ ಬಾಕ್ಸ್ ಇದೆಯಲ್ಲ, ಅದರ ಮುಚ್ಚಳ ತೆಗೆಯಿರಿ. ಒಳಗೆ ಕೆಂಪು ಬಣ್ಣದ ಒಂದು ತುಂಡು ಇರುತ್ತದೆ. ಹಿಡಿದು ಎಳೆದರೆ ಈಚೆ ಬರುತ್ತದೆ. ಅದು ಪ್ಲಸ್. ಬೇರೆ ಒಳ್ಳೆ 12 ವೋಲ್ಟ್ ಬ್ಯಾಟರಿಯ ಪ್ಲಸ್ ಅಲ್ಲಿಗೆ, ಮೈನಸ್ ಬಾಗಿಲಿನ ಕಬ್ಬಿಣದ ಹಿಂಜಿಗೆ. ಆಮೇಲೆ ಕೀಲಿಯಲ್ಲಿರುವ ಡಿಕ್ಕಿ ಬಟನ್ ಒತ್ತಿ.

ಎರಡು ಎಚ್ಚರಿಕೆ. ಆ ಕೆಂಪು ತುಂಡು ಡಿಕ್ಕಿ ತೆಗೆಯೋದಕ್ಕೆ ಮಾತ್ರ. ಅಲ್ಲಿಂದಲೇ ಸೆಲ್ಫ್ ಹೊಡೆಯಲು ಹೋಗಬೇಡಿ, ಒಳಗಿನ ವೈರ್ ಅಷ್ಟು ಕರೆಂಟ್ ತಾಳಲ್ಲ. ಇನ್ನೊಂದು, ಮೈನಸ್ ತಾಗಿಸಿದ ಕೂಡಲೇ ಅಲಾರಂ ಕೂಗಬಹುದು. ಹೆದರಬೇಡಿ.

ಬಾಗಿಲನ್ನೂ ಜೋರಾಗಿ ಹಾಕಬೇಡಿ. ಅದರ ಗಾಜಿಗೆ ಚೌಕಟ್ಟಿಲ್ಲ. ಕರೆಂಟ್ ಇದ್ದರೆ ಬಾಗಿಲು ತೆಗೆದಾಗ ಗಾಜು ಒಂದಿಷ್ಟು ಕೆಳಗೆ ಇಳಿಯುತ್ತದೆ. ಈಗ ಇಳಿಯಲ್ಲ, ರಬ್ಬರಿಗೆ ಒತ್ತುತ್ತದೆ.

ತೋಟದ ಮನೆ, ಶಿರಸಿ · ಮೇ 29

ಹೋಯ್ ಭಾವ, ನನ್ನದು ಹಳೇ ಜೀಪು. ಬ್ಯಾಟರಿ ಇಳಿದರೆ ಇಳಿಜಾರಲ್ಲಿ ಬಿಟ್ಟು ಎರಡನೇ ಗೇರಿಗೆ ಹಾಕಿದರೆ ಆಯಿತು. ಅಷ್ಟು ದುಡ್ಡು ಕೊಟ್ಟು ತಂದ ಗಾಡಿಗೆ ಈ ಸೌಲಭ್ಯ ಇಲ್ಲವಾ?

ತಮಾಷೆ ಸಾಕು. ನಮ್ಮನೆ ಇನ್ವರ್ಟರಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ ಏಳು ವರ್ಷ ಬಂತು. ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಲೆಕ್ಕ. ಅದು ಜಾಸ್ತಿ ಇದ್ದಷ್ಟೂ ಒಳ್ಳೇದು ಅಲ್ವಾ? ಅಂಥದ್ದೇ ಸಣ್ಣದು ಹಾಕಿದರೆ ಏನಾಗುತ್ತದೆ?

ಬೈತಖೋಲ್ ಬೋಟ್ ಮೆಕ್ಯಾನಿಕ್ · ಮೇ 30

ಶಿರಸಿಯವರೆ, ಅದು ಬೇರೆ ಜಾತಿ. ಬೋಟಿನಲ್ಲಿ ನಮಗೆ ಎರಡೂ ಬೇಕಾಗುತ್ತದೆ, ಹಾಗಾಗಿ ಗೊತ್ತು. ಟ್ಯೂಬುಲರ್‌ನ ಪ್ಲೇಟ್ ದಪ್ಪ. ಸ್ವಲ್ಪ ಸ್ವಲ್ಪವೇ ಕರೆಂಟನ್ನು ರಾತ್ರಿಯಿಡೀ ಕೊಡುತ್ತದೆ. ಫ್ಯಾನು, ಲೈಟು, ವೈರ್‌ಲೆಸ್ ಸೆಟ್‌ಗೆ ಸರಿ. ಸೆಲ್ಫ್ ಹೊಡೆಯಲು ಎರಡು ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಬೇಕು. ಅದಕ್ಕೆ ತೆಳು ಪ್ಲೇಟ್, ಜಾಸ್ತಿ ಸಂಖ್ಯೆಯಲ್ಲಿ. ಕಾರಿನ ಬ್ಯಾಟರಿ ಹಾಗೇ ಇರೋದು. ಓಟಗಾರನ ಕೈಯಲ್ಲಿ ಅಕ್ಕಿ ಮೂಟೆ ಹೊರಿಸಬೇಡಿ, ಹಮಾಲನನ್ನು ಓಟಕ್ಕೆ ನಿಲ್ಲಿಸಬೇಡಿ.

ಓಟಗಾರನನ್ನು ಪೂರ್ತಿ ಸುಸ್ತು ಮಾಡಿ ತಿಂಗಳುಗಟ್ಟಲೆ ಹಾಗೇ ಮಲಗಿಸಿದರೆ ಮತ್ತೆ ಏಳಲ್ಲ. ಕಾಳಿದಂಡೆ ತಮ್ಮಾ, ನಿನ್ನದು ಅದೇ ಕಥೆ ಅನಿಸುತ್ತದೆ.

ಕಾಳಿದಂಡೆ, ಸದಾಶಿವಗಡ · ಮೇ 30

ತೆರೆಯಿತು!

ಪಕ್ಕದ ಮನೆಯವರ ಟೆಂಪೋ ಬ್ಯಾಟರಿ ಎತ್ತಿಕೊಂಡು ಬಂದೆವು. ದೀಪ ಹಚ್ಚುವ ಹೊತ್ತು. ಮೈನಸ್ ಕ್ಲಿಪ್ಪನ್ನು ಹಿಂಜಿಗೆ ತಾಗಿಸಿದ್ದೇ ತಡ, ಕಪ್ಪೆ ಬಾಯಿ ಬಿಟ್ಟಿತು. ಆ ಕೂಗಿಗೆ ಕೇರಿಯೆಲ್ಲ ಈಚೆ. ಕೈ ನಡುಗಿ ಕ್ಲಿಪ್ ಜಾರಿತು, ಸುಮ್ಮನಾಯಿತು. ಮತ್ತೆ ತಾಗಿಸಿದೆ, ಮತ್ತೆ ಶುರು. ಕುಮಟಾದವರು ಹೇಳಿದ್ದು ನೆನಪಾಗಿ ಹೆದರದೆ ಬಟನ್ ಒತ್ತಿದೆ. ಟಕ್ ಅಂದು ಡಿಕ್ಕಿ ಬಿಟ್ಟುಕೊಂಡಿತು. ಮೊದಲು ಮಾಡಿದ ಕೆಲಸ, ಡಿಕ್ಕಿ ಮತ್ತೆ ಬೀಳದ ಹಾಗೆ ಬೀಗದ ಬಾಯಿಗೆ ಹಳೆ ಬನಿಯನ್ ತುರುಕಿದ್ದು.

ಪ್ಲಾಸ್ಟಿಕ್ ಮುಚ್ಚಳ ತೆಗೆದು ನೋಡಿದೆ. ಸ್ಟಿಕ್ಕರ್‌ನಲ್ಲಿ 70 ಎಎಚ್, 760 ಎ, ಎಜಿಎಂ ಅಂತ ಇದೆ. ಮಲ್ಟಿಮೀಟರ್ ಹಿಡಿದರೆ 4.1 ವೋಲ್ಟ್. ಚಾರ್ಜಿಗೆ ಇಟ್ಟರೆ ಬದುಕುತ್ತದಾ?

ಆಟೋ ಎಲೆಕ್ಟ್ರಿಕ್, ಕುಮಟಾ · ಮೇ 30

ಎಷ್ಟು ದಿನದಿಂದ 4.1 ಇತ್ತೋ ದೇವರಿಗೇ ಗೊತ್ತು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನೆ ಕೂತಾಗ 12.6ರಿಂದ 12.8 ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಹೆಚ್ಚು ದಿನ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಮೊದಮೊದಲು ಅದು ಕರಗುತ್ತದೆ, ಗಟ್ಟಿಯಾದ ಮೇಲೆ ಕರಗಲ್ಲ.

ಬೇಕಾದರೆ ಒಂದು ರಾತ್ರಿ ಚಾರ್ಜಿಗೆ ಇಟ್ಟು ನೋಡಿ. ಬೆಳಿಗ್ಗೆ 12.9 ತೋರಿಸಬಹುದು. ಅದನ್ನು ನಂಬಬೇಡಿ. ಸೆಲ್ಫ್ ಹೊಡೆಯುವಾಗ ಮೀಟರ್ ನೋಡಿ. 9.6ಕ್ಕಿಂತ ಕೆಳಗೆ ಬಿದ್ದರೆ ಗುಜರಿಗೆ.

ಕಾಳಿದಂಡೆ, ಸದಾಶಿವಗಡ · ಜೂನ್ 1

ಬೆಳಿಗ್ಗೆ 12.8 ಇತ್ತು, ಖುಷಿಯಾದೆ. ಸೆಲ್ಫ್ ಹೊಡೆದರೆ 6.9. ಆಯಿತು, ಗುಜರಿ.

ಸೇತುವೆ ದಾಟಿ ಕಾರವಾರ ಪೇಟೆಗೆ ಹೋಗಿದ್ದೆ. ಹಳೆ ಕಾಳಿ ಸೇತುವೆ 2024ರ ಆಗಸ್ಟ್‌ನಲ್ಲಿ ಬಿದ್ದ ಮೇಲೆ ಆ ಕಡೆ ಹೋಗುವಾಗಲೆಲ್ಲ ಯಾಕೋ ಸುಮ್ನೆ ಒಮ್ಮೆ ಕೆಳಗೆ ನೋಡುವ ಹಾಗೆ ಆಗುತ್ತದೆ. ಅದಿರಲಿ. ಅಂಗಡಿಯವರು ಎರಡು ತೋರಿಸಿದರು. ಒಂದು ಸ್ವಿಫ್ಟ್‌ನಂಥ ಗಾಡಿಗೆ ಹಾಕುವಂಥದ್ದು, "ಇದೂ 12 ವೋಲ್ಟೇ, ಎಲ್ಲದಕ್ಕೂ ಆಗುತ್ತದೆ" ಅಂದರು. ಇನ್ನೊಂದು ದೊಡ್ಡದು, ಡೀಸೆಲ್ ಗಾಡಿಗೆ ಹಾಕೋದು. "ಸಿಸಿಎ ಭಾರಿ ಇದೆ, ಕಣ್ಣು ಮುಚ್ಚಿ ತಗೊಳ್ಳಿ." ಕಣ್ಣು ಬಿಟ್ಟುಕೊಂಡೇ ಇಲ್ಲಿಗೆ ಬಂದು ಕೇಳುತ್ತಿದ್ದೇನೆ.

ಗಡಿಯಾಚೆ, ಮಡಗಾಂವ್ · ಜೂನ್ 1

ಊರು ಅಂಕೋಲಾ, ಇರೋದು ಮಡಗಾಂವ್. ನನ್ನ ಹತ್ತಿರ ಇದೇ ಕಾಲದ ಪೋರ್ಷೆ ಬಾಕ್ಸ್‌ಸ್ಟರ್ ಇದೆ, ನಿಮ್ಮ ಕಪ್ಪೆಯ ಅಕ್ಕ. ಬ್ಯಾಟರಿ ಜಾಗ ಎರಡರಲ್ಲೂ ಒಂದೇ.

ಬ್ರ್ಯಾಂಡ್ ಕೇಳುವ ಮೊದಲು ಟೇಪ್ ಹಿಡಿಯಿರಿ. ಯುರೋಪಿನ ಗಾಡಿಗೆ ಡಿನ್ ಅನ್ನುವ ಜರ್ಮನ್ ಅಳತೆಯ ಬ್ಯಾಟರಿ. ನಿಮ್ಮ 70 ಎಎಚ್ ಪೆಟ್ಟಿಗೆ 278 ಮಿಲಿಮೀಟರ್ ಉದ್ದ, 175 ಅಗಲ, 190 ಎತ್ತರ ಇರಬೇಕು. ಇದಕ್ಕೆ ಎಲ್3 ಅಂತಾರೆ, ಕೆಲವರು ಎಚ್6 ಅಂತಾರೆ. ಅಗಲ ಎತ್ತರ ಅದೇ ಇಟ್ಟು 242 ಉದ್ದದ್ದು ಎಲ್2, ಸುಮಾರು 60 ಎಎಚ್. 315 ಉದ್ದದ್ದು ಎಲ್4, 80 ಎಎಚ್.

ಅಂಗಡಿಯವರು ಮೊದಲು ತೋರಿಸಿದ್ದು ಜಪಾನಿ ಅಳತೆಯದು. ಅದು ನಿಮಗೆ ಯಾಕೆ ಬೇಡ ಗೊತ್ತಾ? ಒಂದು, ಅದರ ಟರ್ಮಿನಲ್ ಸಣ್ಣದು, ನಿಮ್ಮ ಕೇಬಲ್ಲಿನ ಕ್ಲ್ಯಾಂಪ್ ಗಟ್ಟಿ ಕೂರಲ್ಲ. ಎರಡು, ಟರ್ಮಿನಲ್ ಮೇಲೆ ಎದ್ದು ನಿಂತಿರುತ್ತದೆ. ಡಿನ್‌ನಲ್ಲಿ ತಗ್ಗಿನಲ್ಲಿರುತ್ತದೆ. ಮೂರನೆಯದೇ ದೊಡ್ಡದು. ನಮ್ಮ ಗಾಡಿಯಲ್ಲಿ ಬ್ಯಾಟರಿಯನ್ನು ಹಿಡಿಯೋದು ಬುಡದಿಂದ. ಪೆಟ್ಟಿಗೆಯ ಬುಡದಲ್ಲಿ ಒಂದು ಅಂಚು ಇರುತ್ತದೆ, ಅದರ ಮೇಲೆ ಬೆಣೆಯಂಥ ಕ್ಲ್ಯಾಂಪ್ ಕೂತು ಬೋಲ್ಟ್ ಬಿಗಿಯುತ್ತದೆ. ಆ ಅಂಚಿಲ್ಲದ ಪೆಟ್ಟಿಗೆ ಇಟ್ಟು ಅರಬೈಲ್ ಘಟ್ಟದ ತಿರುವು ಹೊಡೆದರೆ ಇಪ್ಪತ್ತು ಕಿಲೋ ಸೀಸ ಡಿಕ್ಕಿಯೊಳಗೆ ಕುಣಿಯುತ್ತದೆ. ಪ್ಲಸ್ ಹೋಗಿ ಕಬ್ಬಿಣಕ್ಕೆ ತಾಗಿದರೆ ಬೆಂಕಿ.

ಪ್ಲಸ್ ಯಾವ ಕಡೆ ಅನ್ನೋದನ್ನೂ ನೋಡಿಕೊಂಡು ತನ್ನಿ. ಹಳೇದರ ಫೋಟೋ ತೆಗೆದುಕೊಂಡು ಹೋಗಿ, ಬಾಯಲ್ಲಿ ಹೇಳಬೇಡಿ. ಹಳೇದರ ಬದಿಯಲ್ಲಿ ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿದೆಯಾ ನೋಡಿ. ಗ್ಯಾಸ್ ಹೊರಗೆ ಹೋಗುವ ದಾರಿ ಅದು. ಹೊಸದಕ್ಕೂ ಆ ತೂತು ಇರಬೇಕು, ಕೊಳವೆ ಮರೆಯದೆ ಸಿಕ್ಕಿಸಬೇಕು.

ಆಟೋ ಎಲೆಕ್ಟ್ರಿಕ್, ಕುಮಟಾ · ಜೂನ್ 2

ಸಿಸಿಎ, ಅಂದರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್ ಬಗ್ಗೆ ಒಂದು ಮಾತು. ಎಲ್ಲರೂ ಆ ನಂಬರಿನ ಹಿಂದೆ ಬೀಳುತ್ತಾರೆ. ಬ್ಯಾಟರಿಯನ್ನು ಮೈನಸ್ 18 ಡಿಗ್ರಿಯಲ್ಲಿಟ್ಟು ಎಷ್ಟು ಆಂಪಿಯರ್ ಕೊಡುತ್ತದೆ ಅಂತ ಅಳೆದ ಲೆಕ್ಕ ಅದು. ಮೈನಸ್ 18! ಕಾರವಾರದಲ್ಲಿ ಜನವರಿ ಬೆಳಿಗ್ಗೆ ಶಾಲು ಹೊದೆಯುವವರೇ ಕಡಿಮೆ. ಹಳೇದರ ಸ್ಟಿಕ್ಕರ್‌ನಲ್ಲಿದ್ದ 760ರಷ್ಟು ಇದ್ದರೆ ಸಾಕು, ಅದಕ್ಕಿಂತ ಜಾಸ್ತಿಗೆ ದುಡ್ಡು ಸುರಿಯಬೇಡಿ.

ನಮ್ಮಲ್ಲಿ ಬ್ಯಾಟರಿ ಸಾಯೋದು ಚಳಿಗಲ್ಲ, ಸೆಕೆಗೆ. ಹತ್ತು ಡಿಗ್ರಿ ಏರಿದರೆ ಒಳಗಿನ ಸವೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅದಕ್ಕೇ ಎಂಜಿನ್ ಪಕ್ಕ ಬ್ಯಾಟರಿ ಇರುವ ಗಾಡಿಗೆ ದುಬಾರಿ ಎಜಿಎಂ ಹಾಕಿ ಅಂತ ನಾನು ಗಿರಾಕಿಗಳಿಗೆ ಹೇಳೋದೇ ಇಲ್ಲ. ನಿಮ್ಮದರಲ್ಲಿ ಎಂಜಿನ್ ಹಿಂದೆ, ಬ್ಯಾಟರಿ ಮುಂದೆ ತಂಪಿನಲ್ಲಿ. ಎಜಿಎಂಗೆ ಇದಕ್ಕಿಂತ ಒಳ್ಳೆ ಮನೆ ಇಲ್ಲ.

ಎಜಿಎಂ ಅಂದರೆ ಬೇರೇನೂ ಅಲ್ಲ, ಅದೂ ಸೀಸ-ಆಸಿಡ್ಡೇ. ಆಸಿಡ್ ನೀರಾಗಿ ಓಡಾಡದೆ ಗಾಜಿನ ನಾರಿನ ಹಾಸಿನಲ್ಲಿ ಹೀರಿಕೊಂಡಿರುತ್ತದೆ, ಸ್ಪಂಜಿನಲ್ಲಿ ನೀರು ಇದ್ದ ಹಾಗೆ. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸ ಇಲ್ಲ. ಕುಲುಕಾಟ ತಾಳುತ್ತದೆ, ತಾನಾಗಿ ಇಳಿಯೋದೂ ನಿಧಾನ. ದರ ಮಾತ್ರ ಸಾಮಾನ್ಯ ಬ್ಯಾಟರಿಯ ಎರಡರಷ್ಟರ ಹತ್ತಿರ ಹೋಗುತ್ತದೆ. ಎಕ್ಸೈಡ್, ಅಮರಾನ್, ವಾರ್ಟಾ ಯಾವುದಾದರೂ ಸರಿ. ಅಳತೆ ಕೂರಬೇಕು, ತಾಜಾ ಇರಬೇಕು. ಇವೆರಡು ಇಲ್ಲದಿದ್ದರೆ ಹೆಸರು ಕಟ್ಟಿಕೊಂಡು ಏನು ಮಾಡ್ತೀರಿ?

ಕಿತ್ತೂರು ಚೆನ್ನಮ್ಮ ಸರ್ಕಲ್, ಹುಬ್ಬಳ್ಳಿ · ಜೂನ್ 2

ನನ್ನದು ಬಿಎಂಡಬ್ಲ್ಯೂ ಝಡ್4. ಬ್ಯಾಟರಿ ಹಾಕಿದ ಮೇಲೆ ಕಂಪ್ಯೂಟರ್ ಸಿಕ್ಕಿಸಿ "ಹೊಸ ಬ್ಯಾಟರಿ ಬಂದಿದೆ" ಅಂತ ಗಾಡಿಗೆ ಹೇಳಬೇಕಾಯಿತು. ಹೇಳದಿದ್ದರೆ ಹಳೇದು ಅಂತಲೇ ತಿಳಿದು ಅದರ ಲೆಕ್ಕದಲ್ಲೇ ಚಾರ್ಜ್ ಮಾಡುತ್ತದೆ. ಎಎಚ್ ಅಥವಾ ಜಾತಿ ಬದಲಾದರೆ ಕೋಡಿಂಗೂ ಬೇಕು, ಅಂದರೆ ಗಾಡಿಯ ಕಂಪ್ಯೂಟರ್‌ನಲ್ಲಿ ಆ ಲೆಕ್ಕ ಬದಲಿಸಬೇಕು. ಕೇಮನ್‌ಗೂ ಇದು ಬೇಕಾ, ಮೊದಲು ವಿಚಾರಿಸಿ.

ಗಡಿಯಾಚೆ, ಮಡಗಾಂವ್ · ಜೂನ್ 2

987ಕ್ಕೆ ಬೇಡ ಸರ್. ಅಷ್ಟು ಬುದ್ಧಿ ಅದಕ್ಕಿಲ್ಲ, ನಮ್ಮ ಪುಣ್ಯ. ಹಾಕಿದ ಮೇಲೆ ಎರಡೂ ಕಡೆ ಗಾಜನ್ನು ಪೂರ್ತಿ ಮೇಲೆ ಏರಿಸಿ ಬಟನ್ ಸ್ವಲ್ಪ ಹೊತ್ತು ಹಿಡಿದುಕೊಳ್ಳಬೇಕು, ಆಗ ಗಾಜಿಗೆ ತನ್ನ ಕೊನೆ ಎಲ್ಲಿ ಅಂತ ನೆನಪಾಗುತ್ತದೆ. ಪಿಎಸ್‌ಎಂ, ಅಂದರೆ ಗಾಡಿ ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆಯ ದೀಪ ಹೊತ್ತಿದರೆ ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ತಿರುಗಿಸಿ ಸ್ವಲ್ಪ ದೂರ ಓಡಿಸಿ. ಗಡಿಯಾರ ಸರಿ ಮಾಡಿ. ಅಷ್ಟೇ.

ಅಂಕೋಲಾ ಹುಡುಗ, ಬೆಂಗಳೂರು · ಜೂನ್ 3

ಯಾರೂ ಲಿಥಿಯಂ ಅನ್ನಲೇ ಇಲ್ಲವಲ್ಲ! ಸ್ಪೋರ್ಟ್ಸ್ ಕಾರು ಸ್ವಾಮಿ ಅದು. ಇಪ್ಪತ್ತು ಕಿಲೋ ಸೀಸ ಹೊತ್ತು ಯಾಕೆ ಓಡಿಸಬೇಕು? ಪೋರ್ಷೆಯವರೇ 2009ರ ಕೊನೆಯಲ್ಲಿ ಲಿಥಿಯಂ ಸ್ಟಾರ್ಟರ್ ಬ್ಯಾಟರಿ ಘೋಷಿಸಿದರು. 911 ಜಿಟಿ3, ಜಿಟಿ3 ಆರ್‌ಎಸ್, ಬಾಕ್ಸ್‌ಸ್ಟರ್ ಸ್ಪೈಡರ್‌ಗೆ. ತೂಕ ಆರು ಕಿಲೋಗಿಂತ ಕಡಿಮೆ. ಮಾಮೂಲಿ 60 ಎಎಚ್‌ಗಿಂತ ಹತ್ತು ಕಿಲೋ ಉಳಿತಾಯ. ಕೇಮನ್ ಅದೇ ಮನೆತನ ತಾನೆ?

ಗಡಿಯಾಚೆ, ಮಡಗಾಂವ್ · ಜೂನ್ 3

ತಮ್ಮಾ, ಅದೇ ಸುದ್ದಿಯ ಉಳಿದ ಅರ್ಧ ಓದಲಿಲ್ಲವಾ? ಜರ್ಮನಿಯಲ್ಲಿ ಅದರ ದರ ಸುಮಾರು 1,900 ಯೂರೋ ಇತ್ತು. ಜೊತೆಗೆ ಮಾಮೂಲಿ ಸೀಸದ ಬ್ಯಾಟರಿಯನ್ನೂ ಕೊಡುತ್ತಿದ್ದರು, ಚಳಿಗಾಲಕ್ಕೆ ಬದಲಿಸಿಕೊಳ್ಳಿ ಅಂತ. ಚಳಿ ನಮಗೆ ತೊಂದರೆ ಅಲ್ಲ, ಒಪ್ಪಿದೆ. ಆದರೆ ಅದು 18 ಎಎಚ್. ವಾರಕ್ಕೆ ಎರಡು ಸಲ ಟ್ರ್ಯಾಕ್‌ಗೆ ಹೋಗುವವರಿಗೆ ಚೆನ್ನ. ಆರು ತಿಂಗಳು ಸೋಗೆ ಶೆಡ್ಡಿನಲ್ಲಿ ಮಲಗುವ ಗಾಡಿಗೆ 18 ಎಎಚ್ ಎಷ್ಟು ದಿನ ಬರುತ್ತದೆ?

ಅಂಕೋಲಾ ಹುಡುಗ, ಬೆಂಗಳೂರು · ಜೂನ್ 3

ಲಿಥಿಯಂ ತಾನಾಗಿ ಇಳಿಯೋದು ತುಂಬಾ ಕಡಿಮೆ ಅಣ್ಣ. ಸೀಸಕ್ಕಿಂತ ಎಷ್ಟೋ ವಾಸಿ.

ಆಟೋ ಎಲೆಕ್ಟ್ರಿಕ್, ಕುಮಟಾ · ಜೂನ್ 3

ತಾನಾಗಿ ಇಳಿಯೋದು ಬೇರೆ, ಗಾಡಿ ಕುಡಿಯೋದು ಬೇರೆ. ಬಿಂದಿಗೆ ಸೋರದಿದ್ದರೂ ಮನೆಯವರು ನೀರು ಕುಡಿಯುತ್ತಾರಲ್ಲ.

ಎಲ್ಲರೂ ಬ್ಯಾಟರಿ ಆರಿಸುವುದರಲ್ಲೇ ಇದ್ದೀರಿ. ಈ ಬ್ಯಾಟರಿ ಯಾಕೆ ಸತ್ತಿತು ಅಂತ ಒಬ್ಬರೂ ಕೇಳಲಿಲ್ಲ. ಕಾಳಿದಂಡೆಯವರೆ, ಹೊಸದು ತರುವ ಮೊದಲು ಒಂದು ಕೆಲಸ ಮಾಡಿ. ಟೆಂಪೋ ಬ್ಯಾಟರಿಯನ್ನೇ ತಾತ್ಕಾಲಿಕವಾಗಿ ಜೋಡಿಸಿ. ಮೈನಸ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಟರ್ಮಿನಲ್‌ಗೂ ನಡುವೆ ಮಲ್ಟಿಮೀಟರನ್ನು ಆಂಪಿಯರ್‌ನಲ್ಲಿಟ್ಟು ಸಿಕ್ಕಿಸಿ, 10 ಆಂಪಿಯರ್ ತೂತಿನಲ್ಲಿ. ಡಿಕ್ಕಿಯ ಬೀಗದ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿಸಿ, ಡಿಕ್ಕಿ ಹಾಕಿದೆ ಅಂತ ಗಾಡಿ ತಿಳಿಯಲಿ. ಬಾಗಿಲು ಹಾಕಿ ಲಾಕ್ ಮಾಡಿ. ಈಗ ಚಾ ಕುಡಿಯಲು ಹೋಗಿ. ಮುಕ್ಕಾಲು ಗಂಟೆ ಬೇಕು, ಒಳಗಿನ ಕಂಪ್ಯೂಟರ್‌ಗಳು ಒಂದೊಂದಾಗಿ ನಿದ್ದೆಗೆ ಹೋಗಲು. ಮೀಟರ್ ಇರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ, ಮೀಟರ್ ಸುಡುತ್ತದೆ.

0.03ರಿಂದ 0.05 ಆಂಪಿಯರ್ ಬಂದರೆ ಸರಿ. ಜಾಸ್ತಿ ಬಂದರೆ ಒಳಗೆ ಕಳ್ಳ ಇದ್ದಾನೆ.

ಕಾಳಿದಂಡೆ, ಸದಾಶಿವಗಡ · ಜೂನ್ 4

ಕಳ್ಳ ಇದ್ದಾನೆ.

ಮೊದಲು 2 ಆಂಪಿಯರ್ ತೋರಿಸಿತು. ಇಳಿಯುತ್ತಾ ಇಳಿಯುತ್ತಾ ಮುಕ್ಕಾಲು ಗಂಟೆಗೆ 0.18ಕ್ಕೆ ಬಂದು ನಿಂತಿತು. ಇನ್ನೂ ಅರ್ಧ ಗಂಟೆ ಕಾದೆ, 0.18ರಿಂದ ಅಲುಗಾಡಲಿಲ್ಲ. ದಿನಕ್ಕೆ 4.3 ಎಎಚ್. 70 ಎಎಚ್ ಬ್ಯಾಟರಿ ಹದಿನಾರು ದಿನಕ್ಕೆ ಪೂರ್ತಿ ಖಾಲಿ! ನಾನು ಮುಂಬೈಯಲ್ಲಿ ಹಡಗು ಹತ್ತಿ ಕೆಂಪು ಸಮುದ್ರ ಮುಟ್ಟುವಷ್ಟರಲ್ಲೇ ಇಲ್ಲಿ ಇದರ ಕಥೆ ಮುಗಿದಿತ್ತು. ಅಂಕೋಲಾ ಹುಡುಗನ 18 ಎಎಚ್ ಆಗಿದ್ದರೆ ನಾಲ್ಕೇ ದಿನ.

ಫ್ಯೂಸ್ ಒಂದೊಂದೇ ಕಿತ್ತು ನೋಡಲಾ?

ಆಟೋ ಎಲೆಕ್ಟ್ರಿಕ್, ಕುಮಟಾ · ಜೂನ್ 4

ಕಿತ್ತು ಹಾಕಿದರೆ ಮಲಗಿದ ಕಂಪ್ಯೂಟರ್ ಎದ್ದು ಕೂರುತ್ತದೆ, ಲೆಕ್ಕ ತಪ್ಪುತ್ತದೆ. ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತದಲ್ಲ, ಮೀಟರನ್ನು ಮಿಲಿವೋಲ್ಟ್‌ನಲ್ಲಿಟ್ಟು ಅಲ್ಲಿಗೆ ಮುಟ್ಟಿಸಿ. ಸೊನ್ನೆ ಬಂದರೆ ಅಲ್ಲಿ ಕರೆಂಟ್ ಹರಿಯುತ್ತಿಲ್ಲ. ಏನಾದರೂ ತೋರಿಸಿದರೆ ಆ ದಾರಿ ಹಿಡಿದು ಹೋಗಿ. ಹೊರಗಿನಿಂದ ಹಾಕಿಸಿದ್ದನ್ನು ಮೊದಲು ನೋಡಿ. ಸ್ಟೀರಿಯೋ, ಕ್ಯಾಮೆರಾ, ಟ್ರ್ಯಾಕರ್.

ಕಾಳಿದಂಡೆ, ಸದಾಶಿವಗಡ · ಜೂನ್ 5

ಸಿಕ್ಕಿತು. ಹಿಂದಿನ ಮಾಲೀಕರು ಸೀಟಿನ ಹಿಂದೆ ಆಂಪ್ಲಿಫೈಯರ್ ಹಾಕಿಸಿದ್ದರು. ಅದಕ್ಕೆ ಆನ್ ಆಗು ಅಂತ ಹೇಳುವ ಸಣ್ಣ ವೈರನ್ನು ಸ್ಟೀರಿಯೋಗೆ ಕೊಡುವ ಬದಲು ಸದಾ ಕರೆಂಟ್ ಇರುವ ವೈರಿಗೆ ಸುತ್ತಿ ಟೇಪ್ ಹಾಕಿದ್ದಾರೆ. ಟೇಪು ಸೆಕೆಗೆ ಕರಗಿ ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು. ಕೈಯಿಟ್ಟು ನೋಡಿದೆ, ಗಾಡಿ ಬಂದ್ ಇದ್ದರೂ ಆಂಪ್ಲಿಫೈಯರ್ ಮೈ ಉಗುರು ಬೆಚ್ಚಗೆ. ಎರಡು ವರ್ಷದಿಂದ ಹಗಲು ರಾತ್ರಿ ಹಾಗೇ ಇತ್ತು ಅಂತ ಆಯಿತು.

ಆ ವೈರ್ ಬಿಚ್ಚಿದೆ. ಈಗ 0.03.

ತೋಟದ ಮನೆ, ಶಿರಸಿ · ಜೂನ್ 5

ಪತ್ತೇದಾರಿ ಕಾದಂಬರಿಯ ಹಾಗೆ ಓದುತ್ತಿದ್ದೇನೆ, ಮುಂದುವರಿಸಿ.

ಒಂದು ಸಂಶಯ. ನನ್ನ ಜೀಪಿನ ಬ್ಯಾಟರಿ ಪ್ಲಸ್ ಮೇಲೆ ನೀಲಿ-ಹಸಿರು ಪುಡಿ ಬೆಳೆದಿದೆ. ನೋಡಿದರೆ ಥೇಟ್ ಮೈಲುತುತ್ತ. ಮಳೆಗಾಲದ ಹತ್ತಿರ ಬಂತಲ್ಲ, ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಯೋಚನೆಯಲ್ಲೇ ಇದ್ದವನಿಗೆ ಎಲ್ಲೆಲ್ಲೂ ಅದೇ ಕಾಣುತ್ತದೋ ಏನೋ.

ಆಟೋ ಎಲೆಕ್ಟ್ರಿಕ್, ಕುಮಟಾ · ಜೂನ್ 5

ಭ್ರಮೆ ಅಲ್ಲ, ಅದು ಮೈಲುತುತ್ತವೇ! ಕೇಬಲ್ಲಿನ ತಾಮ್ರಕ್ಕೆ ಬ್ಯಾಟರಿಯ ಗಂಧಕದ ಆಸಿಡ್ ತಾಗಿದರೆ ಆಗೋದು ಕಾಪರ್ ಸಲ್ಫೇಟ್. ನೀವು ಸುಣ್ಣದ ಜೊತೆ ಕಲಸಿ ಅಡಿಕೆ ಗೊನೆಗೆ ಹೊಡೆಯುವುದೂ ಅದೇ. ಬಿಳಿ ಪುಡಿ ಇದ್ದರೆ ಅದು ಸೀಸದ್ದು. ಮೈನಸ್ ಮೊದಲು ಬಿಚ್ಚಿ, ಅಡುಗೆ ಸೋಡಾ ಕರಗಿಸಿದ ಬಿಸಿನೀರು ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ನೊರೆ ನಿಂತ ಮೇಲೆ ತೊಳೆದು, ಒಣಗಿಸಿ, ಬಿಗಿದು, ಮೇಲಿಂದ ವ್ಯಾಸಲೀನ್ ಸವರಿ. ಕರಾವಳಿಯವರಿಗೆ ಇದು ಇನ್ನೂ ಮುಖ್ಯ, ಉಪ್ಪುಗಾಳಿ ಸಾಕು ಕೆಡಿಸಲು.

ಬೈತಖೋಲ್ ಬೋಟ್ ಮೆಕ್ಯಾನಿಕ್ · ಜೂನ್ 6

ಈಗ ನನ್ನ ಮಾತು ಕೇಳಿ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ಬೋಟ್ ಬಂದ್, 61 ದಿನ. ನಾವೇನು ಮಾಡ್ತೇವೆ? ಬೋಟ್ ದಡಕ್ಕೆ ಬಂದ ದಿನವೇ ಬ್ಯಾಟರಿ ಬಿಚ್ಚಿ ಮನೆಗೆ ತರುತ್ತೇವೆ. ಹಲಗೆಯ ಮೇಲೆ ಇಡುತ್ತೇವೆ, ಸಿಮೆಂಟ್ ನೆಲಕ್ಕೆ ಇಡಬಾರದು, ಕರೆಂಟ್ ನೆಲಕ್ಕೆ ಇಳಿಯುತ್ತದೆ. ತಿಂಗಳಿಗೊಮ್ಮೆ ಚಾರ್ಜ್. ಆಗಸ್ಟ್‌ನಲ್ಲಿ ಹಾಕಿದರೆ ಒಂದೇ ಸೆಲ್ಫಿಗೆ ಎಂಜಿನ್ ಏಳುತ್ತದೆ.

ಗಡಿಯಾಚೆ, ಮಡಗಾಂವ್ · ಜೂನ್ 6

ಹಲಗೆ ವಿಷಯ ಹಳೇ ಕಾಲದ್ದು ಅಣ್ಣಾ. ಆಗ ಪೆಟ್ಟಿಗೆ ಗಟ್ಟಿ ರಬ್ಬರಿನದು, ಒದ್ದೆಯಾದರೆ ಸೋರುತ್ತಿತ್ತಂತೆ. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆ ಸಿಮೆಂಟ್ ಮೇಲಿಟ್ಟರೂ ಏನೂ ಆಗಲ್ಲ.

ಬೈತಖೋಲ್ ಬೋಟ್ ಮೆಕ್ಯಾನಿಕ್ · ಜೂನ್ 6

ಇರಬಹುದು. ನಾನು ಹಲಗೆ ಮೇಲೇ ಇಡೋದು.

ಕಾಳಿದಂಡೆ, ಸದಾಶಿವಗಡ · ಜೂನ್ 7

ಬೋಟಿನವರ ಉಪಾಯ ನನಗೂ ಇಷ್ಟವಾಯಿತು. ಆದರೆ ನಾನು ಇಲ್ಲದಾಗ ಇಪ್ಪತ್ತು ಕಿಲೋ ಬ್ಯಾಟರಿಯನ್ನು ಎತ್ತುವವರು ಯಾರು? ಅಮ್ಮನಿಗೆ ಅರವತ್ತೆಂಟು. ಮೈನಸ್ ಮಾತ್ರ ಬಿಚ್ಚಿಟ್ಟು ಹೋಗೋಣ ಅಂದರೆ, ಡಿಕ್ಕಿ ಹಾಕಿಕೊಂಡರೆ ಮತ್ತೆ ಅದೇ ಕೆಂಪು ತುಂಡು, ಅದೇ ಕೂಗು. ಡಿಕ್ಕಿ ತೆರೆದಿಟ್ಟು ಹೋದರೆ ಇಲಿ ಒಳಗೆ ಬಾಣಂತನ ಮಾಡಿಕೊಳ್ಳುತ್ತದೆ.

ಗಡಿಯಾಚೆ, ಮಡಗಾಂವ್ · ಜೂನ್ 7

ಸ್ಮಾರ್ಟ್ ಚಾರ್ಜರ್ ತಗೊಳ್ಳಿ. ತುಂಬಿದ ಮೇಲೆ ತಾನೇ ಕಡಿಮೆ ಮಾಡಿಕೊಂಡು ತಿಂಗಳುಗಟ್ಟಲೆ ಹಿಡಿದು ನಿಲ್ಲಿಸುವಂಥದ್ದು, ಎಜಿಎಂ ಮೋಡ್ ಇರುವಂಥದ್ದು. 4–5 ಆಂಪಿಯರ್ ಸಾಕು. ನಾನು ಸಿಗರೇಟ್ ಲೈಟರ್ ಸಾಕೆಟ್‌ನಿಂದಲೇ ಚಾರ್ಜ್ ಮಾಡುತ್ತೇನೆ, ಡಿಕ್ಕಿ ಮುಟ್ಟುವ ಕೆಲಸವೇ ಇಲ್ಲ. ಕೀಲಿ ತೆಗೆದು ಗಂಟೆ ಕಳೆದ ಮೇಲೂ ಆ ಸಾಕೆಟ್‌ನಲ್ಲಿ 12 ವೋಲ್ಟ್ ಇದೆಯಾ ಅಂತ ಮೊದಲು ಮೀಟರ್ ಹಿಡಿದು ನೋಡಿ.

ಕೊಳ್ಳುವಾಗ ಇನ್ನೊಂದು ವಿಷಯ ಕೇಳಿ, ಯಾರೂ ಕೇಳಲ್ಲ. ಕರೆಂಟ್ ಹೋಗಿ ಬಂದರೆ ಚಾರ್ಜರ್ ತಾನೇ ಮತ್ತೆ ಶುರುವಾಗುತ್ತದಾ, ಬಟನ್ ಒತ್ತಬೇಕಾ? ನಮ್ಮ ಕಡೆ ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುತ್ತದೆ. ಬಟನ್ ಒತ್ತಬೇಕಾದದ್ದು ಬೇಡವೇ ಬೇಡ.

ಕಾಳಿದಂಡೆ, ಸದಾಶಿವಗಡ · ಜೂನ್ 12

ಬ್ಯಾಟರಿ ಬಂತು. 70 ಎಎಚ್ ಎಜಿಎಂ, ಎಲ್3. ಕಾರವಾರದಲ್ಲಿ ಸಿಗಲಿಲ್ಲ, ಮಡಗಾಂವ್‌ಗೇ ಹೋಗಿ ತಂದೆ. ಮೊದಲ ಅಂಗಡಿಯಲ್ಲಿ ಅಳತೆ ಸರಿ ಇತ್ತು. ತಯಾರಾದ ತಿಂಗಳ ಗುರುತು ನೋಡಿದರೆ ಹದಿನಾಲ್ಕು ತಿಂಗಳು ಹಳೇದು. "ಪ್ಯಾಕ್ ಬಿಚ್ಚಿಲ್ಲ ಸಾರ್, ಹೊಸದೇ" ಅಂದರು. ಜೇಬಿನಿಂದ ಮಲ್ಟಿಮೀಟರ್ ತೆಗೆದೆ, 12.3. ಎರಡನೇ ಅಂಗಡಿಯದು ಎರಡು ತಿಂಗಳದ್ದು, 12.8. ಅದನ್ನೇ ತಂದೆ. ಹಳೇದನ್ನು ಅಲ್ಲೇ ಕೊಟ್ಟು ಬಿಲ್ಲಿನಲ್ಲಿ ಕಡಿಮೆ ಮಾಡಿಸಿದೆ. ವಾರಂಟಿ ಕಾರ್ಡಿಗೆ ತಾರೀಕು, ಸೀಲು ಹಾಕಿಸಿಕೊಂಡೆ.

ಹಾಕಲು ಅರ್ಧ ಗಂಟೆ. ಪ್ಲಸ್ ಮೊದಲು, ಮೈನಸ್ ಕೊನೆಗೆ. ಬುಡದ ಬೆಣೆ ಬೋಲ್ಟ್ ಕೈಯಿಂದ ಕೆಳಗೆ ಜಾರಿ ಎಲ್ಲೋ ಸಂದಿಗೆ ಬಿತ್ತು. ಅದನ್ನು ಹುಡುಕಲು ಒಂದು ಗಂಟೆ. ಕೊನೆಗೆ ಅಮ್ಮನ ಸೀರೆ ಪಿನ್ ಡಬ್ಬಿಯ ಅಯಸ್ಕಾಂತಕ್ಕೆ ದಾರ ಕಟ್ಟಿ ಇಳಿಸಿ ಎತ್ತಿದೆ. ಗಾಳಕ್ಕೆ ಮೀನು ಬಿದ್ದಷ್ಟೇ ಖುಷಿ.

ಸೆಲ್ಫ್ ಹೊಡೆದಾಗ 10.9ಕ್ಕಿಂತ ಕೆಳಗೆ ಇಳಿಯಲಿಲ್ಲ. ಎಂಜಿನ್ ಓಡುವಾಗ 14.2, ಅಂದರೆ ಆಲ್ಟರ್ನೇಟರ್ ಚೆನ್ನಾಗಿದೆ. ಗಾಜಿಗೆ ಪಾಠ ಹೇಳಿಕೊಟ್ಟೆ. ಮಾಜಾಳಿ ತನಕ ಹೋಗಿ ಬಂದೆ. ವಾಪಸ್ ಬರುವಾಗ ಮಳೆ ಹಿಡಿಯಿತು.

ತೋಟದ ಮನೆ, ಶಿರಸಿ · ಜೂನ್ 12

ದೇವಿಮನೆ ಘಟ್ಟ ಹತ್ತಿಸಿ ಇಲ್ಲಿಗೂ ತನ್ನಿ. ಜೀಪಿನ ಪಕ್ಕ ನಿಲ್ಲಿಸಿ ಫೋಟೋ ತೆಗೆಯೋಣ.

ಕಾಳಿದಂಡೆ, ಸದಾಶಿವಗಡ · ಫೆಬ್ರವರಿ 18

ಹಳೇ ಮಾತನ್ನು ಮತ್ತೆ ತೆಗೆಯುತ್ತಿದ್ದೇನೆ. ಆಗಸ್ಟ್ ಕೊನೆಗೆ ಹಡಗು ಹತ್ತಿದವನು ನಿನ್ನೆ ಬಂದೆ. ಚಾರ್ಜರ್ ಐದೂವರೆ ತಿಂಗಳು ಹಾಗೇ ಇತ್ತು. ಅಮ್ಮನಿಗೆ ಹೇಳಿದ್ದು ಒಂದೇ ಕೆಲಸ, ಸಂಜೆ ತುಳಸಿಗೆ ದೀಪ ಇಟ್ಟ ಮೇಲೆ ಶೆಡ್ಡಿನ ಹಸಿರು ದೀಪ ಇದೆಯಾ ನೋಡು ಅಂತ. ಅಕ್ಟೋಬರ್‌ನಲ್ಲಿ ಗುಡುಗು ಸಿಡಿಲು ಜೋರಿದ್ದಾಗ ಪ್ಲಗ್ ಕಿತ್ತಿಟ್ಟು, ವಾರ ಬಿಟ್ಟು ಮತ್ತೆ ಹಾಕಿದ್ದಾರೆ. ಅದು ನಾನು ಹೇಳಿದ್ದಲ್ಲ, ಟಿವಿಗೆ ಮಾಡುವ ಹಾಗೆ ಇದಕ್ಕೂ ಮಾಡಿದ್ದು.

ಚಾರ್ಜರ್ ತೆಗೆದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದೆ, 12.8. ರಿಮೋಟ್ ಒತ್ತಿದರೆ ಡಿಕ್ಕಿ ಟಕ್ ಅಂತು.

ಅಂಕೋಲಾ ಹುಡುಗ, ಬೆಂಗಳೂರು · ಫೆಬ್ರವರಿ 18

ಒಪ್ಪಿದೆ ಅಣ್ಣ. ಆದರೂ ಹತ್ತು ಕಿಲೋ ಹತ್ತು ಕಿಲೋನೇ.

ಗಡಿಯಾಚೆ, ಮಡಗಾಂವ್ · ಫೆಬ್ರವರಿ 18

ಆ ಆಂಪ್ಲಿಫೈಯರ್ ಕಿತ್ತು ಹಾಕಿದರೆ ಮೂರ್ನಾಲ್ಕು ಕಿಲೋ ಅಲ್ಲೇ ಉಳಿಯುತ್ತದೆ. ಕಿತ್ತಿರಾ, ಇನ್ನೂ ಹಾಗೇ ಇದೆಯಾ?

ಕಾಳಿದಂಡೆ, ಸದಾಶಿವಗಡ · ಫೆಬ್ರವರಿ 19

ಹಾಗೇ ಇದೆ. ವೈರ್ ಮಾತ್ರ ಸ್ಟೀರಿಯೋಗೆ ಕೊಟ್ಟಿದ್ದೇನೆ. ಹಾಡು ಬೇಕಲ್ಲ.